ಮುಚ್ಚುವ ಮೊದಲು ಅಳೆಯಿರಿ: ಕರಾವಳಿ ನಗರಸಭೆಯ ಕಾಮಗಾರಿ ಪರಿಶೀಲಕರಿಗೆ ಸಮಗ್ರ ಮಾರ್ಗದರ್ಶಿ

ನಗರಸಭೆಯ ಕಾಮಗಾರಿಯಲ್ಲಿ ಮುಖ್ಯವಾದದ್ದೆಲ್ಲ ಮುಚ್ಚಿಹೋಗುತ್ತದೆ. ಗಟಾರದ ತಳದ ಕೆಳಗಿನ ಬೆಡ್, ಗೋಡೆಯೊಳಗಿನ ಸರಳು, ರಸ್ತೆಯ ಅಡಿಯ ಜಲ್ಲಿ, ಪೈಪಿನ ಕೆಳಗೆ ಹಾಸಿದ ಮರಳು, ಇವು ಯಾವುವೂ ಕೆಲಸ ಮುಗಿದ ದಿನ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಕಿರಿಯ ಅಭಿಯಂತರರಾಗಲಿ, ವರ್ಕ್ ಇನ್‌ಸ್ಪೆಕ್ಟರ್ ಆಗಲಿ, ಸೈಟ್ ನೋಡಿಕೊಳ್ಳುವವರ ನಿಜವಾದ ಕೆಲಸ ಮುಚ್ಚುವ ಗಳಿಗೆಗೆ ಮೊದಲು ಅಲ್ಲಿ ನಿಂತಿರುವುದು. ಮುಚ್ಚಿದ ಮೇಲೆ ಬಂದು ಸುತ್ತಾಡುವುದು ಪರಿಶೀಲನೆ ಆಗುವುದಿಲ್ಲ.

ಕಾರವಾರದಲ್ಲಿ ಇದಕ್ಕೆ ಇನ್ನೂ ಎರಡು ಕಾರಣಗಳಿವೆ: ಉಪ್ಪುಗಾಳಿ ಮತ್ತು ಮಳೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಒಳನಾಡಿನಲ್ಲಿ ಹತ್ತು ಹದಿನೈದು ವರ್ಷ ಅಡಗಿ ಕೂರಬಹುದಾದ ಕಳಪೆ ಕೆಲಸ ಇಲ್ಲಿ ಎರಡು ಮೂರು ಮಳೆಗಾಲದಲ್ಲೇ ಬಯಲಾಗುತ್ತದೆ.

ವಿವರಣೆಗೆ ಒಂದು ಉದಾಹರಣೆ ಹಿಡಿದುಕೊಳ್ಳೋಣ. ಕೋಡಿಬಾಗ ಅಥವಾ ಬೈತಖೋಲದಂಥ ಸಮುದ್ರಕ್ಕೆ ಹತ್ತಿರದ ವಾರ್ಡಿನಲ್ಲಿ 100 ಮೀಟರ್ ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟ್) ಗಟಾರ. ಒಳ ಅಗಲ 60 ಸೆಂ.ಮೀ., ಆಳ 75 ಸೆಂ.ಮೀ., ತಳ ಮತ್ತು ಎರಡೂ ಗೋಡೆ 15 ಸೆಂ.ಮೀ. ದಪ್ಪ, ಕೆಳಗೆ 10 ಸೆಂ.ಮೀ. ಪಿಸಿಸಿ (ಸರಳಿಲ್ಲದ ಕಾಂಕ್ರೀಟ್) ಬೆಡ್.

ಮೊದಲು ಕಾಗದ

ಕಾರ್ಯಾದೇಶ, ಮಂಜೂರಾದ ಅಂದಾಜುಪಟ್ಟಿ, ನಕ್ಷೆ, ಟೆಂಡರ್ ಕರಾರಿನ ತಾಂತ್ರಿಕ ನಿರ್ದಿಷ್ಟತೆ: ಈ ನಾಲ್ಕರ ಪ್ರತಿ ಕೈಯಲ್ಲಿಲ್ಲದೆ ಸೈಟಿಗೆ ಕಾಲಿಡಬೇಡಿ. ನಕ್ಷೆಯಲ್ಲೊಂದು, ಅಂದಾಜುಪಟ್ಟಿಯಲ್ಲೊಂದು ಇರುವುದು ಸಾಮಾನ್ಯ. ಕಾಂಕ್ರೀಟಿನ ಬಲದ ದರ್ಜೆ ಒಂದರಲ್ಲಿ ಎಂ20, ಇನ್ನೊಂದರಲ್ಲಿ ಎಂ30 ಎಂದು ಕಂಡರೆ ಕೆಲಸ ಶುರುವಾಗುವ ಮೊದಲೇ ಸಹಾಯಕ ಕಾರ್ಯಪಾಲಕ ಅಭಿಯಂತರರಿಗೆ ಬರೆದು ಕೇಳಿ. ಬಾಯಿಮಾತಿನ ಉತ್ತರ ಬಿಲ್ಲಿನ ದಿನ ನೆನಪಿರುವುದಿಲ್ಲ.

ಆಮೇಲೆ ಪರಿಮಾಣವನ್ನು ನೀವೇ ಲೆಕ್ಕ ಹಾಕಿ. ಪಿಸಿಸಿ ತಳಕ್ಕಿಂತ ಎರಡೂ ಬದಿ 10 ಸೆಂ.ಮೀ. ಹೊರಚಾಚಿ 1.10 ಮೀ. ಅಗಲಕ್ಕೆ 11 ಘನ ಮೀಟರ್. ತಳ 0.90 × 0.15 × 100, ಅಂದರೆ 13.5. ಗೋಡೆಗಳು 2 × 0.15 × 0.75 × 100, ಅಂದರೆ 22.5. ಆರ್‌ಸಿಸಿ ಒಟ್ಟು 36 ಘನ ಮೀಟರ್. ಘನ ಮೀಟರಿಗೆ 320 ಕೆ.ಜಿ. ಸಿಮೆಂಟ್ ಎಂದಿಟ್ಟುಕೊಂಡರೆ 11,520 ಕೆ.ಜಿ., ಸುಮಾರು 230 ಚೀಲ. ಕೆಲಸ ಮುಗಿದಾಗ ಸಿಮೆಂಟ್ ರಿಜಿಸ್ಟರ್ 170 ಚೀಲ ತೋರಿಸಿದರೆ ಉಳಿದ 60 ಚೀಲ ಎಲ್ಲಿ ಎಂದು ಕೇಳುವ ಹಕ್ಕು ಈ ಲೆಕ್ಕದಿಂದಲೇ ಬರುತ್ತದೆ. ಗೋಡೆ 15ರ ಬದಲು 13 ಸೆಂ.ಮೀ. ಆದರೆ 3 ಘನ ಮೀಟರ್ ಕಾಂಕ್ರೀಟ್ ಮಾಯ. ಕಣ್ಣಂದಾಜಿಗೆ ಎರಡು ಸೆಂ.ಮೀ. ಸಿಗುವುದಿಲ್ಲ, ಟೇಪಿಗೆ ಸಿಗುತ್ತದೆ.

ಅಗೆಯುವ ಮೊದಲು ನೆಲದಡಿ ಏನಿದೆ ಎಂದು ತಿಳಿದುಕೊಳ್ಳಬೇಕು. ಕುಡಿಯುವ ನೀರಿನ ಲೈನ್, ಒಳಚರಂಡಿ, ಹೆಸ್ಕಾಂ ಕೇಬಲ್, ಬಿಎಸ್‌ಎನ್‌ಎಲ್ ಕೇಬಲ್. ಕಚೇರಿಯ ನಕ್ಷೆಯ ಜೊತೆಗೆ ಆ ವಾರ್ಡಿನ ನೀರು ಬಿಡುವ ವಾಲ್ವ್‌ಮನ್ ಅವರನ್ನೂ ಕರೆದು ಜಾಗದ ಮೇಲೆ ಓಡಾಡಿಸಿ. ಪೈಪ್ ಎಲ್ಲಿ ತಿರುಗಿದೆ ಎಂದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ಗುರುತಾದ ಕಡೆ ಮೊದಲು ಕೈಯಿಂದ ಅಗೆಸಿ ನೋಡಿ, ನಂತರ ಜೆಸಿಬಿ ಬಿಡಿ. ಎರಡೂ ಬದಿಯ ಕಾಂಪೌಂಡ್ ಗೋಡೆಗಳಲ್ಲಿ ಆಗಲೇ ಇರುವ ಬಿರುಕುಗಳ ಫೋಟೊವನ್ನು ದಿನಾಂಕ ಸಹಿತ ಇಟ್ಟುಕೊಂಡರೆ ಮುಂದೆ ಬರುವ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಲೆವೆಲ್: ಸಪಾಟು ಊರಿನ ದೊಡ್ಡ ಪರೀಕ್ಷೆ

ಗಟಾರ ಕಟ್ಟುವುದು ನೀರು ಹರಿಯಲಿಕ್ಕೆ. ಇಳಿಜಾರು ಇರುವ ಊರಿನಲ್ಲಿ 200ಕ್ಕೆ 1 ಸಿಕ್ಕರೆ 100 ಮೀಟರಿಗೆ 50 ಸೆಂ.ಮೀ. ಇಳಿತ; ಸ್ವಲ್ಪ ತಪ್ಪಿದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಕಾರವಾರದ ಕಡಲ ಬದಿಯ ಬಯಲಿನಲ್ಲಿ ಹಲವೆಡೆ 500ಕ್ಕೆ 1 ಸಿಗುವುದೇ ಹೆಚ್ಚು. ಆಗ ಇಡೀ 100 ಮೀಟರಿಗೆ ಇಳಿತ 20 ಸೆಂ.ಮೀ., ಪ್ರತಿ 10 ಮೀಟರಿಗೆ 2 ಸೆಂ.ಮೀ. ಮಾತ್ರ. ಮೇಸ್ತ್ರಿಯ ಕೈ ಎರಡು ಸೆಂ.ಮೀ. ತಪ್ಪಿದರೆ ಅಲ್ಲೊಂದು ಗುಂಡಿ, ಅದರಲ್ಲಿ ನಿಂತ ಕೊಳೆ, ಅದರಿಂದ ಸೊಳ್ಳೆ. ಸಪಾಟು ನೆಲದಲ್ಲಿ ಇಳಿಜಾರು ಕಡಿಮೆಯಾದಷ್ಟೂ ಅಳತೆ ಹೆಚ್ಚು ನಿಖರವಾಗಬೇಕು. ಇಲ್ಲಿ ಬಿಗಿ ಬಿಟ್ಟರೆ ಮುಂದಿನ ಯಾವ ಗುಣಮಟ್ಟವೂ ಗಟಾರವನ್ನು ಉಳಿಸದು.

ಕ್ರಮ ಹೀಗೆ. ಜರುಗದ ಒಂದು ಜಾಗವನ್ನು ಬೆಂಚ್‌ಮಾರ್ಕ್ (ಎಲ್ಲ ಮಟ್ಟ ಅಳೆಯಲು ಆಧಾರದ ಗುರುತು) ಆಗಿ ಆರಿಸಿ: ಹಳೆಯ ಸೇತುವೆಯ ಕಟ್ಟೆ, ಗಟ್ಟಿ ಕಟ್ಟಡದ ಪ್ಲಿಂತ್. ವಿದ್ಯುತ್ ಕಂಬ ಬೇಡ. ಆಟೋ ಲೆವೆಲ್ (ಮಟ್ಟ ಅಳೆಯುವ ದುರ್ಬೀನು ಉಪಕರಣ) ಇಟ್ಟು ಮೊದಲು ಗಟಾರ ಹೋಗಿ ಸೇರುವ ನಾಲೆಯ ತಳದ ಮಟ್ಟ ತೆಗೆದುಕೊಳ್ಳಿ, ಅಲ್ಲಿಂದ ಮೇಲಕ್ಕೆ ಬನ್ನಿ. ಮೇಲಿನಿಂದ ಕೆಳಕ್ಕೆ ಬಂದು ಕೊನೆಯಲ್ಲಿ ನಾಲೆಗಿಂತ ತಗ್ಗಾಯಿತು ಎಂದು ಕಂಡುಕೊಳ್ಳುವುದು ಅತ್ಯಂತ ದುಬಾರಿ ತಪ್ಪು. ನಾಲೆ ಸಮುದ್ರಕ್ಕೋ ಕಾಳಿ ನದಿಯ ಅಳಿವೆಗೋ ಸೇರುವುದಾದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಉಬ್ಬರದ ಹೊತ್ತಿಗೆ ಹೋಗಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಗುರುತು ಹಾಕಿ. ಉಬ್ಬರವೂ ಜಡಿಮಳೆಯೂ ಕೂಡಿದ ದಿನ ಆ ಮಟ್ಟಕ್ಕಿಂತ ಕೆಳಗಿರುವ ಗಟಾರದ ನೀರು ಹೊರಗೆ ಹೋಗದು, ಹಿಂದಕ್ಕೆ ಬರುತ್ತದೆ. ಇದನ್ನು ಅಂದಾಜುಪಟ್ಟಿ ತಯಾರಿಸುವವರ ಗಮನಕ್ಕೆ ತರುವುದು ನಿಮ್ಮ ಹೊಣೆ.

ಪ್ರತಿ 10 ಮೀಟರಿಗೆ ಒಂದು ಗೂಟ, ಗೂಟದ ಮೇಲೆ ತಳದ ಮಟ್ಟ. ಮೇಸ್ತ್ರಿಗಳು ನೀರಿನ ಪೈಪಿನಲ್ಲಿ ಲೆವೆಲ್ ದಾಟಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಪೈಪಿನೊಳಗೆ ಗುಳ್ಳೆ ಇರಬಾರದು. ಎರಡೂ ತುದಿಯನ್ನು ಅಕ್ಕಪಕ್ಕ ಹಿಡಿದು ನೀರು ಸಮ ಬರುತ್ತದೆಯೇ ಎಂದು ನೋಡಿದ ಮೇಲೆಯೇ ದಾಟಿಸಲಿ. ಪಿಸಿಸಿ ಆದ ಮೇಲೆ ಒಮ್ಮೆ, ತಳ ಹಾಕಿದ ಮೇಲೆ ಇನ್ನೊಮ್ಮೆ ಆಟೋ ಲೆವೆಲ್‌ನಲ್ಲಿ ಪರೀಕ್ಷಿಸಿ.

ಅಗೆತ

1.5 ಮೀಟರಿಗಿಂತ ಆಳದ ಕಾಲುವೆಗೆ ಬದಿ ಹಲಗೆ ಕೊಡಲೇಬೇಕು. ಕಡಲ ಬದಿಯ ಮರಳು ನೆಲದಲ್ಲಿ ಅದಕ್ಕಿಂತ ಕಡಿಮೆ ಆಳದಲ್ಲೂ ಬದಿ ಜಾರುತ್ತದೆ, ನೀರು ಒಸರುತ್ತಿದ್ದರಂತೂ ಹೇಳುವುದೇ ಬೇಡ. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಹಾಕಿಸಿ. 15 ಮೀಟರಿಗೊಂದು ಏಣಿ. ಹಳೆಯ ಮ್ಯಾನ್‌ಹೋಲ್ ಎದುರಾದರೆ ಯಾರನ್ನೂ ಒಳಗೆ ಇಳಿಸಬೇಡಿ. ರಕ್ಷಣಾ ಸಲಕರಣೆಯಿಲ್ಲದೆ ಒಳಚರಂಡಿ ಶುಚಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ನಿಷೇಧಿಸಿದೆ, ಒಳಗಿನ ಗಾಳಿ ನಿಮಿಷಗಳಲ್ಲಿ ಜೀವ ತೆಗೆಯುತ್ತದೆ. ಯಂತ್ರ ಬರುವವರೆಗೆ ಕೆಲಸ ನಿಲ್ಲಲಿ.

ತಳದಲ್ಲಿ ನೀರು ತುಂಬಿದ್ದರೆ ತಗ್ಗಿನ ತುದಿಯಲ್ಲಿ ಗುಂಡಿ ತೋಡಿಸಿ ಅಲ್ಲಿಂದ ಪಂಪ್ ಮಾಡಿಸಿ. ನಿಂತ ನೀರಿಗೆ ಕಾಂಕ್ರೀಟ್ ಸುರಿದರೆ ಸಿಮೆಂಟ್ ತೊಳೆದುಹೋಗಿ ಬರೀ ಜಲ್ಲಿ ಉಳಿಯುತ್ತದೆ. ಉಬ್ಬರದ ಪ್ರಭಾವವಿರುವ ಕಡೆ ಬೆಡ್ ಹಾಕುವ ಹೊತ್ತನ್ನು ಇಳಿತಕ್ಕೆ ಹೊಂದಿಸಿಕೊಳ್ಳಿ. ಮೀನುಗಾರರನ್ನು ಕೇಳಿದರೆ ಆ ವಾರದ ಉಬ್ಬರ–ಇಳಿತದ ಹೊತ್ತು ಹೇಳುತ್ತಾರೆ. ಆಳ ಹೆಚ್ಚಾಯಿತೆಂದು ಕೆಸರು ಮಣ್ಣು ತುಂಬಿ ಸಮ ಮಾಡಿಸಬಾರದು. ಹೆಚ್ಚಾದ ಆಳವನ್ನು ಪಿಸಿಸಿಯಿಂದಲೇ ತುಂಬಿಸಿ.

ಉಪ್ಪು, ಕವರ್, ಸರಳು

ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟ್ 'ತೀವ್ರ' ವರ್ಗಕ್ಕೆ ಸೇರುತ್ತದೆ. ಆರ್‌ಸಿಸಿಗೆ ಕನಿಷ್ಠ ಎಂ30, ಘನ ಮೀಟರಿಗೆ ಕನಿಷ್ಠ 320 ಕೆ.ಜಿ. ಸಿಮೆಂಟ್, ನೀರು–ಸಿಮೆಂಟ್ ಅನುಪಾತ 0.45 ಮೀರಬಾರದು, ಕವರ್ (ಸರಳಿನಿಂದ ಕಾಂಕ್ರೀಟಿನ ಹೊರಮೈವರೆಗಿನ ದಪ್ಪ) 45 ಮಿ.ಮೀ. ಸಮುದ್ರದ ತುಂತುರು ನೇರವಾಗಿ ಬೀಳುವ ಜಾಗಕ್ಕೆ ಎಂ35, 340 ಕೆ.ಜಿ., ಕವರ್ 50 ಮಿ.ಮೀ. ಒಳನಾಡಿನ ಅಂದಾಜುಪಟ್ಟಿಯನ್ನು ನಕಲು ಮಾಡಿ ಎಂ20, 25 ಮಿ.ಮೀ. ಕವರ್ ಬರೆದಿದ್ದರೆ ಅದು ಇಲ್ಲಿಗೆ ಸಲ್ಲದು. 1:1½:3 (ಸಿಮೆಂಟ್, ಮರಳು, ಜಲ್ಲಿ) ಎಂಬ ಲೆಕ್ಕದ ಮಿಶ್ರಣ ಎಂ20ರವರೆಗೆ ಮಾತ್ರ. ಎಂ30 ಎಂದರೆ ಪ್ರಯೋಗಾಲಯದ ಮಿಕ್ಸ್ ಡಿಸೈನ್ ಕಡ್ಡಾಯ, ಅದೂ ಅದೇ ಜಲ್ಲಿ, ಅದೇ ಮರಳು, ಅದೇ ಸಿಮೆಂಟಿಗೆ.

ಕವರ್ ಏಕೆ ಇಷ್ಟು ಮುಖ್ಯ? ಉಪ್ಪಿನ ಕ್ಲೋರೈಡ್ ತೇವದ ಜೊತೆ ಕಾಂಕ್ರೀಟಿನೊಳಗೆ ನಿಧಾನವಾಗಿ ಇಳಿಯುತ್ತದೆ. ಸರಳನ್ನು ಮುಟ್ಟಿದ ದಿನ ತುಕ್ಕು ಶುರು. ತುಕ್ಕು ಸರಳಿಗಿಂತ ಹೆಚ್ಚು ಜಾಗ ಕೇಳುತ್ತದೆ, ಹಾಗಾಗಿ ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಹಳೆಯ ಮುಚ್ಚುಹಲಗೆಗಳ ಅಡಿಯಲ್ಲಿ ಕೆಂಪು ಗೆರೆ ಮೂಡಿ ಚಕ್ಕೆ ಉದುರುವುದು ಇದರಿಂದಲೇ.

ಇಲ್ಲೊಂದು ಗಂಟಿದೆ, ಹೆಚ್ಚಿನವರು ಸೈಟಿನಲ್ಲಿ ಸಿಕ್ಕಿಬೀಳುವುದು ಇಲ್ಲೇ. 150 ಮಿ.ಮೀ. ಗೋಡೆಯಲ್ಲಿ ಎರಡು ಜಾಲರಿ ಇದೆ ಎನ್ನಿ. ಎರಡೂ ಬದಿ ಕವರ್‌ಗೆ 90 ಮಿ.ಮೀ. ಹೋಯಿತು. ಪ್ರತಿ ಜಾಲರಿಯ 10 ಮತ್ತು 8 ಮಿ.ಮೀ. ಸರಳುಗಳಿಗೆ 18ರಂತೆ 36 ಹೋಯಿತು. ಉಳಿದದ್ದು 24 ಮಿ.ಮೀ. ಆ ಸಂದಿಯಲ್ಲಿ 20 ಮಿ.ಮೀ. ಜಲ್ಲಿ ಇಳಿಯಬೇಕು, 40 ಮಿ.ಮೀ. ವೈಬ್ರೇಟರ್ ಸೂಜಿ ಹೋಗಬೇಕು. ಆಗದ ಮಾತು. ಆಗ ಮೇಸ್ತ್ರಿ ಮಾಡುವ ಉಪಾಯವೆಂದರೆ ಜಾಲರಿಯನ್ನು ಅಚ್ಚಿನ ಶೀಟಿಗೆ ತಾಗಿಸುವುದು, ಅಲ್ಲಿಗೆ ಕವರ್ ಹೋಯಿತು. ಇದಕ್ಕೆ ಪರಿಹಾರ ಸೈಟಿನಲ್ಲಿಲ್ಲ, ನಕ್ಷೆಯಲ್ಲಿದೆ: ಗೋಡೆ ದಪ್ಪ ಮಾಡುವುದು ಅಥವಾ ನಡುವೆ ಒಂದೇ ಜಾಲರಿ ಇಡುವುದು. ನೀವಾಗಿ ಬದಲಿಸಬೇಡಿ, ವಿನ್ಯಾಸ ಮಾಡಿದವರಿಗೆ ಬರೆದು ಪರಿಷ್ಕೃತ ನಕ್ಷೆ ತರಿಸಿ.

ಕವರ್ ಬ್ಲಾಕ್ ಕಾಂಕ್ರೀಟಿನದ್ದೇ ಇರಲಿ. ಟೈಲ್ಸ್ ಚೂರು, ಜಲ್ಲಿಕಲ್ಲು, ಮರದ ತುಂಡು ಇಟ್ಟರೆ ತೇವಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಮೀಟರಿಗೊಂದಾದರೂ ಇರಬೇಕು. ಸರಳಿನ ತೂಕ ನೋಡಲು ಸೂತ್ರ ಸುಲಭ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ. 8 ಮಿ.ಮೀ.ಗೆ ಮೀಟರಿಗೆ 0.395 ಕೆ.ಜಿ., 10ಕ್ಕೆ 0.617, 12ಕ್ಕೆ 0.888. ಸರಿಯಾಗಿ ಒಂದು ಮೀಟರ್ ಕತ್ತರಿಸಿ ತಕ್ಕಡಿಗೆ ಹಾಕಿ. 10 ಮಿ.ಮೀ. ತುಂಡು ಸುಮಾರು 0.57 ಕೆ.ಜಿ.ಗಿಂತ ಕಡಿಮೆ ತೂಗಿದರೆ ಆ ಲೋಡನ್ನು ಬದಿಗಿಟ್ಟು ಪರೀಕ್ಷೆಗೆ ಕಳುಹಿಸಿ. ಸರಳನ್ನು ನೆಲದ ಮೇಲೆ ಬಿಡದೆ ಹಲಗೆಯ ಮೇಲೆ ಪೇರಿಸಿ ತಾಡಪತ್ರಿ ಹೊದಿಸಲಿ. ತೆಳು ಕಂದು ಬಣ್ಣಕ್ಕೆ ಹೆದರಬೇಕಿಲ್ಲ. ಪದರವಾಗಿ ಎದ್ದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿಸಿ, ಉಜ್ಜಿದ ಮೇಲೆ ಮತ್ತೆ ತೂಗಿ.

ಸರಳು ಕಟ್ಟಿದ ಮೇಲೆ ಅಂತರ, ಜೋಡಣೆಯ ಉದ್ದ, ಕವರ್ ಮೂರನ್ನೂ ಅಳೆದು, ಟೇಪ್ ಹಿಡಿದೇ ಫೋಟೊ ತೆಗೆದು, ಸೈಟ್ ಆರ್ಡರ್ ಪುಸ್ತಕದಲ್ಲಿ 'ಕಾಂಕ್ರೀಟ್ ಹಾಕಲು ಅನುಮತಿಸಿದೆ' ಎಂದು ಬರೆದು ಸಹಿ ಹಾಕಿ. ಆ ಸಹಿ ಇಲ್ಲದೆ ಮಿಕ್ಸರ್ ತಿರುಗಬಾರದು. ಈ ಒಂದು ನಿಯಮವನ್ನು ಮೊದಲ ದಿನವೇ ಗುತ್ತಿಗೆದಾರರಿಗೂ ಮೇಸ್ತ್ರಿಗೂ ಸ್ಪಷ್ಟವಾಗಿ ಹೇಳಿಬಿಡಿ.

ಕಾಂಕ್ರೀಟ್ ಹಾಕುವ ದಿನ

ನೀರಿನಿಂದ ಆರಂಭಿಸಿ. ದಡಕ್ಕೆ ಹತ್ತಿರದ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಸವಳಾಗುತ್ತವೆ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ಮೀರಬಾರದು. ಬಾಯಿಗೆ ಉಪ್ಪೆನಿಸಿದ ನೀರನ್ನು ಅಲ್ಲೇ ತಿರಸ್ಕರಿಸಿ. ಉಪ್ಪೆನಿಸದಿದ್ದರೂ ಪ್ರಯೋಗಾಲಯದ ವರದಿ ಬೇಕು. ಅಳಿವೆಯ ಮರಳಿಗೂ ಇದೇ ಮಾತು. ಎಂ–ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಬಂದರೆ ಒಂದು ಹಿಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ ಬಿಟ್ಟು ನೋಡಿ. ಮೇಲೆ ದಪ್ಪ ಧೂಳಿನ ಪದರ ಕುಳಿತರೆ ಜರಡಿ ಪರೀಕ್ಷೆ ಆಗುವವರೆಗೆ ಬಳಕೆ ಬೇಡ.

ಸಿಮೆಂಟ್ ಚೀಲ ಹಲಗೆಯ ಮೇಲೆ, ಗೋಡೆಯಿಂದ ಎರಡಡಿ ದೂರ, ಹತ್ತು ಚೀಲಕ್ಕಿಂತ ಎತ್ತರವಿಲ್ಲದಂತೆ. ಇಲ್ಲಿಯ ತೇವದ ಗಾಳಿಯಲ್ಲಿ ಸಿಮೆಂಟ್ ಬೇಗ ಹೆಪ್ಪುಗಟ್ಟುತ್ತದೆ. ಬೆರಳಿನಲ್ಲಿ ಒತ್ತಿದರೆ ಪುಡಿಯಾಗದ ಗಂಟು ಇದ್ದರೆ ಆ ಚೀಲ ಹೊರಗೆ.

ಅನುಪಾತ 0.45 ಎಂದರೆ 50 ಕೆ.ಜಿ. ಚೀಲಕ್ಕೆ ಒಟ್ಟು 22.5 ಲೀಟರ್ ನೀರು, ಅದರಲ್ಲಿ ಮರಳಿನೊಳಗಿನ ನೀರೂ ಸೇರಿತು. ಚೀಲಕ್ಕೆ 100 ಕೆ.ಜಿ. ಮರಳು ಹೋಗುತ್ತಿದ್ದು ಅದರಲ್ಲಿ ಶೇಕಡಾ 5 ತೇವವಿದ್ದರೆ 5 ಲೀಟರ್ ಆಗಲೇ ಒಳಗಿದೆ. ಮೇಲಿನಿಂದ ಹಾಕುವುದು ಸುಮಾರು 17.5 ಲೀಟರ್ ಮಾತ್ರ. ಮಿಕ್ಸರ್ ಹತ್ತಿರ ಅಳತೆಯ ಬಕೆಟ್ ಇರಲಿ, ಕೊಳವೆಯಿಂದ ನೇರ ಬಿಡುವುದು ನಿಲ್ಲಲಿ. ಸರಿಯಾಗಿ ಕೂರುತ್ತಿಲ್ಲ ಎಂದು ಕಾರ್ಮಿಕರು ನೀರು ಕೇಳುತ್ತಾರೆ. ಅವರ ಕಷ್ಟ ನಿಜವೇ, ಆದರೆ ಉತ್ತರ ನೀರಲ್ಲ. ಮಿಕ್ಸ್ ಡಿಸೈನ್‌ನಲ್ಲಿ ಹೇಳಿದ ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲಗೊಳಿಸುವ ರಾಸಾಯನಿಕ) ಅನ್ನು ಹೇಳಿದ ಪ್ರಮಾಣದಲ್ಲಿ ಹಾಕಿಸಬೇಕು. ಹೆಚ್ಚಾದ ನೀರು ಆವಿಯಾದಾಗ ಬಿಟ್ಟುಹೋಗುವ ಸೂಕ್ಷ್ಮ ರಂಧ್ರಗಳೇ ಮುಂದೆ ಉಪ್ಪಿನ ಬಾಗಿಲು.

ಕಾಂಕ್ರೀಟ್ ಎಷ್ಟು ಸಡಿಲವಿದೆ ಎಂದು ನೋಡುವ ಸ್ಲಂಪ್ ಪರೀಕ್ಷೆಗೆ 300 ಮಿ.ಮೀ. ಎತ್ತರದ ಕೋನ್, 16 ಮಿ.ಮೀ. ಸಲಾಕೆ, ಪ್ರತಿ ಪದರಕ್ಕೆ 25 ಕುಟ್ಟು. ಮೊದಲ ಮಿಶ್ರಣಕ್ಕೂ, ನಂತರ ಅನುಮಾನ ಬಂದಾಗಲೆಲ್ಲ ಮಾಡಿ. ಬಲ ಪರೀಕ್ಷೆಗೆ ಹಾಕುವ ಕಾಂಕ್ರೀಟ್ ಕ್ಯೂಬ್‌ಗಳ ಲೆಕ್ಕ ದಿನದ ಪ್ರಮಾಣದ ಮೇಲೆ: 5 ಘನ ಮೀಟರ್‌ವರೆಗೆ 1 ಸ್ಯಾಂಪಲ್, 6ರಿಂದ 15ಕ್ಕೆ 2, 16ರಿಂದ 30ಕ್ಕೆ 3, 31ರಿಂದ 50ಕ್ಕೆ 4. ಒಂದು ಸ್ಯಾಂಪಲ್ ಎಂದರೆ 28 ದಿನಕ್ಕೆ ಮೂರು ಕ್ಯೂಬ್. 7 ದಿನದ ಬಲ ನೋಡಬೇಕಾದರೆ ಇನ್ನೂ ಮೂರು. ನಮ್ಮ ಗಟಾರದಲ್ಲಿ ದಿನಕ್ಕೆ 30 ಮೀಟರ್ ತಳ ಹಾಕಿದರೆ 4.05 ಘನ ಮೀಟರ್, ಒಂದು ಸ್ಯಾಂಪಲ್. 30 ಮೀಟರ್ ಗೋಡೆಗೆ 6.75, ಎರಡು ಸ್ಯಾಂಪಲ್. 150 ಮಿ.ಮೀ. ಅಚ್ಚಿಗೆ ಮೂರು ಪದರ, ಪದರಕ್ಕೆ 35 ಕುಟ್ಟು. ಹಸಿಯಾಗಿರುವಾಗಲೇ ದಿನಾಂಕ, ಜಾಗ, ನಿಮ್ಮ ಸಹಿಯ ಗುರುತನ್ನು ಮೊಳೆಯಿಂದ ಕೆತ್ತಿ. ಬೇರೆಡೆ ಚೆನ್ನಾಗಿ ಮಾಡಿದ ಕ್ಯೂಬ್ ತಂದಿಡುವ ಚಾಳಿಗೆ ಇದೊಂದೇ ತಡೆ. ಎಂ30 ಕ್ಯೂಬ್ ಚದರ ಮಿ.ಮೀ.ಗೆ 30 ನ್ಯೂಟನ್ ಬಲ ತೋರಿಸಬೇಕಾದರೆ ಯಂತ್ರದ ಮುಳ್ಳು 675 ಕಿಲೋನ್ಯೂಟನ್ ಮುಟ್ಟಬೇಕು. ಮೂರರಲ್ಲಿ ಯಾವುದಾದರೂ ಸರಾಸರಿಯಿಂದ ಶೇಕಡಾ 15ಕ್ಕಿಂತ ಹೆಚ್ಚು ದೂರವಿದ್ದರೆ ಆ ಸ್ಯಾಂಪಲ್ ಲೆಕ್ಕಕ್ಕಿಲ್ಲ.

ವೈಬ್ರೇಟರ್ ಸೂಜಿ ನೆಟ್ಟಗೆ ಇಳಿಯಲಿ, ಒಂದಡಿಗೊಮ್ಮೆ, ಗುಳ್ಳೆ ನಿಲ್ಲುವವರೆಗೆ, ಸುಮಾರು 10–15 ಸೆಕೆಂಡು. ನಿಧಾನ ಮೇಲೆತ್ತಬೇಕು. ಸೂಜಿಯಿಂದ ಕಾಂಕ್ರೀಟನ್ನು ಮುಂದಕ್ಕೆ ತಳ್ಳಿದರೆ ಜಲ್ಲಿ ಹಿಂದುಳಿದು ಸಿಮೆಂಟ್ ಹಾಲು ಮುಂದೆ ಹೋಗುತ್ತದೆ. ಒಂದೂವರೆ ಮೀಟರಿಗಿಂತ ಎತ್ತರದಿಂದ ಸುರಿಯಬಾರದು. ತಳ ಮತ್ತು ಗೋಡೆ ಸೇರುವ ಮೂಲೆಯಲ್ಲೇ ಜೇನುಗೂಡಿನಂಥ ತೂತುಗಳು ಹೆಚ್ಚು. ಗೋಡೆ ಹಾಕುವ ಮೊದಲು ಆ ಜಾಗವನ್ನು ಒರಟು ಮಾಡಿಸಿ, ತೊಳೆಸಿ, ಒದ್ದೆ ಇಡಿಸಿ.

ಬಿಚ್ಚುವುದು, ನೀರು ಉಣಿಸುವುದು

ಗೋಡೆಯ ಶೀಟನ್ನು 16–24 ಗಂಟೆಯ ಮೊದಲು ತೆಗೆಯಬಾರದು. ತೆಗೆದ ಕೂಡಲೇ ನೀವು ನೋಡಬೇಕು; ಸಾಮಾನ್ಯವಾಗಿ ನೀವು ಬರುವಷ್ಟರಲ್ಲಿ ಸಿಮೆಂಟ್ ಹಾಲು ಬಳಿದು ಎಲ್ಲ ನುಣುಪಾಗಿರುತ್ತದೆ. ಹಾಗಾಗಿ 'ನಾನು ಬಾರದೆ ಗಿಲಾವು ಮುಟ್ಟಬೇಡಿ' ಎಂದು ಬರೆದುಕೊಡಿ. ಸರಳು ಕಾಣುವಷ್ಟು ಆಳದ ತೂತಿದ್ದರೆ ಗಾರೆ ಮೆತ್ತುವುದು ದುರಸ್ತಿಯಲ್ಲ; ಸಡಿಲ ಭಾಗ ಒಡೆಸಿ ಮತ್ತೆ ಕಾಂಕ್ರೀಟ್ ತುಂಬಿಸಬೇಕು.

ಇಲ್ಲಿ ಹೆಚ್ಚಾಗಿ ಬಳಸುವುದು ಪಿಪಿಸಿ (ಹಾರುಬೂದಿಯಂಥ ಪುಡಿ ಬೆರೆಸಿದ) ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್. ಗೋಡೆಗೆ ದಿನಕ್ಕೆರಡು ಸಲ ನೀರು ಎರಚಿದರೆ ಸಾಲದು, ಒದ್ದೆ ಗೋಣಿಚೀಲ ಹೊದಿಸಿ ಅದು ಒಣಗದಂತೆ ನೋಡಬೇಕು. ಸಮುದ್ರದ ನೀರಾಗಲಿ ಸವಳು ಬಾವಿಯ ನೀರಾಗಲಿ ಕ್ಯೂರಿಂಗಿಗೂ ಸಲ್ಲದು. ಬದಿ ಮಣ್ಣು ತುಂಬುವಾಗ ಎರಡೂ ಕಡೆ ಸಮನಾಗಿ, 20 ಸೆಂ.ಮೀ. ಪದರಗಳಲ್ಲಿ ದಮ್ಮಸ್ಸು ಮಾಡಿಸಿ.

ಪಕ್ಕದ ಕಾಂಕ್ರೀಟ್ ರಸ್ತೆ

ರಸ್ತೆಗೂ ಇದೇ ಶಿಸ್ತು, ಜೊತೆಗೆ ಮೂರು ವಿಷಯ. ಒಂದು, ಹಳೆಯ ರಸ್ತೆಯ ಮೇಲೆಯೇ ಹೊಸ ಪದರ ಏರಿಸುತ್ತ ಹೋದರೆ ಮನೆಗಳ ಹೊಸ್ತಿಲು ತಗ್ಗಾಗಿ ಮಳೆನೀರು ಒಳಗೆ ನುಗ್ಗುತ್ತದೆ. ಹಳೆಯದನ್ನು ಅಗೆದು ತೆಗೆಸಿಯೇ ಹಾಕಿಸಬೇಕು. ಎರಡು, ನಡು ಉಬ್ಬು: 3.5 ಮೀ. ಅಗಲದ ರಸ್ತೆಗೆ ಶೇಕಡಾ 2ರಂತೆ ನಡುಭಾಗ ಅಂಚಿಗಿಂತ 3.5 ಸೆಂ.ಮೀ. ಎತ್ತರ ಇರಬೇಕು, ಮತ್ತು ನೀರು ಗಟಾರಕ್ಕೆ ಇಳಿಯಲು ಗೋಡೆಯಲ್ಲಿ ಕಿಂಡಿ ಬಿಟ್ಟಿರಬೇಕು. ಕಿಂಡಿ ಮರೆತ ಗಟಾರದ ಪಕ್ಕದಲ್ಲೇ ರಸ್ತೆ ಕೆರೆಯಾಗುತ್ತದೆ. ಮೂರು, ಅಡ್ಡ ಜಾಯಿಂಟ್ ಕತ್ತರಿಸುವುದು. ಅಂಚು ಕಿತ್ತುಬರದಷ್ಟು ಗಟ್ಟಿಯಾದ ಕೂಡಲೇ, ಅದೇ ದಿನ ಅಥವಾ ಆ ರಾತ್ರಿಯೇ, ಸುಮಾರು 4 ಮೀಟರ್ ಒಳಗೆ ಒಂದರಂತೆ, ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಕತ್ತರಿಸಬೇಕು. 'ನಾಳೆ ಮಷಿನ್ ಬರುತ್ತದೆ' ಎಂದು ಬಿಟ್ಟರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ತಾನೇ ಸೀಳಿಕೊಳ್ಳುತ್ತದೆ.

ಶಿರಸಿ ಕಡೆ ಬದಲಾಗುವುದು

ಘಟ್ಟ ಹತ್ತಿದರೆ ಉಪ್ಪಿನ ಚಿಂತೆ ಕಡಿಮೆ, ಇಳಿಜಾರಿನ ಚಿಂತೆ ಹೆಚ್ಚು. ಕಡಿದಾದ ಗಟಾರದಲ್ಲಿ ನೀರಿನ ರಭಸ ತಳವನ್ನೇ ಕೊರೆಯುತ್ತದೆ, ಅಲ್ಲಲ್ಲಿ ಮೆಟ್ಟಿಲಿನಂತೆ ಇಳಿಸಿ ರಭಸ ಮುರಿಯಬೇಕು. ಧರೆಗೆ ಕಟ್ಟುವ ಚಿರೆಕಲ್ಲಿನ ತಡೆಗೋಡೆಯ ಹಿಂದೆ ಮಳೆಗಾಲದಲ್ಲಿ ಒರತೆ ಎದ್ದು ಗೋಡೆಯನ್ನು ದೂಡುತ್ತದೆ. ನೀರು ಹೊರಬರುವ ಪೈಪುಗಳನ್ನು ಒಂದೂವರೆ ಮೀಟರ್ ಒಳಗಿನ ಅಂತರದಲ್ಲಿ ಹೊರಕ್ಕೆ ಬಾಗಿಸಿ ಇಡಿಸಿ, ಹಿಂದೆ ಜಲ್ಲಿ ತುಂಬಿಸಿ. ಬರೀ ಮಣ್ಣು ತುಂಬಿದರೆ ಮೊದಲ ಮಳೆಗೇ ಪೈಪ್ ಕಟ್ಟುತ್ತದೆ. ಚಿರೆಕಲ್ಲು ಒತ್ತಡ ತಡೆಯುವ ಬಲ ಚದರ ಮಿ.ಮೀ.ಗೆ ಕನಿಷ್ಠ 3.5 ನ್ಯೂಟನ್, ನೀರು ಹೀರುವಿಕೆ ಶೇಕಡಾ 12ರ ಒಳಗೆ ಇರಬೇಕು. ಈ ನೆಲದಲ್ಲಿ ಕಲ್ಲುಚೂರು ಇರುವುದರಿಂದ ದಮ್ಮಸ್ಸು ಪರೀಕ್ಷೆಗೆ ಕೋರ್ ಕಟರ್ (ಮಣ್ಣಿಗೆ ಹೊಡೆದು ಮಾದರಿ ತೆಗೆಯುವ ಕೊಳವೆ) ಸರಿಯಾಗಿ ಇಳಿಯುವುದಿಲ್ಲ. ಗುಂಡಿಗೆ ಮರಳು ತುಂಬಿ ಅಳೆಯುವ ವಿಧಾನ ಬಳಸಿ.

ಎಂ.ಬಿ. ಬರೆಯುವುದು

ಅಳತೆ ಪುಸ್ತಕ (ಎಂ.ಬಿ.) ಸೈಟಿನಲ್ಲೇ, ಇಂಕಿನಲ್ಲೇ ಬರೆಯುವಂಥದ್ದು. ಮುಚ್ಚಿಹೋಗುವ ಐಟಂಗಳಾದ ಅಗೆತ, ಪಿಸಿಸಿ, ಸರಳು, ಜಲ್ಲಿ ಪದರವನ್ನು ಮುಂದಿನ ಹಂತಕ್ಕೆ ಬಿಡುವ ಮೊದಲೇ ದಾಖಲಿಸಿ. ತಪ್ಪಾದರೆ ಅಳಿಸಬೇಡಿ, ತಿದ್ದಿ ಬರೆಯಬೇಡಿ. ಒಂದು ಗೆರೆ ಎಳೆದು ಮೇಲೆ ಸರಿ ಅಂಕಿ ಬರೆದು ದಿನಾಂಕದೊಂದಿಗೆ ಸಹಿ ಮಾಡಿ. 100 ಮೀಟರನ್ನು ಒಂದೇ ಸಾಲಿನಲ್ಲಿ ಬರೆಯದೆ 10 ಮೀಟರಿನ ತುಂಡುಗಳಾಗಿ, ಪ್ರತಿ ತುಂಡಿನ ಸಿಕ್ಕ ಅಗಲ, ದಪ್ಪದೊಂದಿಗೆ ಬರೆಯಿರಿ. ಎಲ್ಲ ಹತ್ತು ತುಂಡಿನಲ್ಲೂ ಅಂಕಿ ಒಂದೇ ಆಗಿದ್ದರೆ ಯಾರೂ ಅಳೆದಿಲ್ಲ ಎಂದೇ ಅರ್ಥ. ನಕ್ಷೆಗಿಂತ ಹೆಚ್ಚು ದಪ್ಪ ಬಂದರೆ ನಕ್ಷೆಯಷ್ಟೇ, ಕಡಿಮೆ ಬಂದರೆ ಬಂದಷ್ಟೇ. ಬಲಕ್ಕೆ ಧಕ್ಕೆ ಬರುವಷ್ಟು ಕಡಿಮೆಯಿದ್ದರೆ ಅಳತೆಯಲ್ಲ, ಒಡೆಸುವ ಪ್ರಶ್ನೆ.

ಮಾರ್ಚ್ ಕೊನೆಯ ಬಿಲ್ಲಿನ ಅವಸರದಲ್ಲಿ 'ಆಗಲಿದೆ, ಬರೆದುಬಿಡಿ' ಎಂಬ ಒತ್ತಡ ಬರುತ್ತದೆ. ಆಗದ ಕೆಲಸದ ಅಳತೆ ಬರೆದ ದಿನದಿಂದ ಆ ಕೆಲಸಕ್ಕೆ ಉತ್ತರ ಹೇಳಬೇಕಾದವರು ನೀವು. ಒತ್ತಡ ಹೇರಿದವರ ಸಹಿ ಆ ಪುಟದಲ್ಲಿರುವುದಿಲ್ಲ.

ಜೂನ್‌ನ ಮೊದಲ ದೊಡ್ಡ ಮಳೆ ಬಿದ್ದ ದಿನ ಛತ್ರಿ ಹಿಡಿದು ಆ 100 ಮೀಟರ್ ಮತ್ತೆ ನಡೆಯಿರಿ. ನೀರು ನಿಂತ ಜಾಗ, ಜಿನುಗುವ ಜಾಯಿಂಟ್, ಅಲುಗಾಡುವ ಮುಚ್ಚುಹಲಗೆ, ಕುಸಿದ ಬದಿಮಣ್ಣು, ಎಲ್ಲಕ್ಕೂ ಬಣ್ಣದ ಗುರುತು ಹಾಕಿ ಫೋಟೊ ತೆಗೆಯಿರಿ. ದೋಷ ಹೊಣೆಗಾರಿಕೆಯ ಅವಧಿ (ದೋಷವನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ) ಮುಗಿಯುವ ಮೊದಲೇ ಗುತ್ತಿಗೆದಾರರಿಗೆ ಲಿಖಿತ ನೋಟಿಸ್ ಕೊಟ್ಟು, ಅದರ ಪ್ರತಿಯನ್ನು ಭದ್ರತಾ ಠೇವಣಿ ಬಿಡುಗಡೆಯ ಕಡತಕ್ಕೆ ಲಗತ್ತಿಸಿ.